ಇಎಸ್‌ಲಿಂಟ್ ರೂಲ್ ಮಾತು ಕೇಳುತ್ತಿಲ್ಲವೇ? ಲಕ್ಷಣ ನೋಡಿ ದೋಷ ಹುಡುಕುವ ಬಗೆ

ಕೋಲಾರದ ಟೊಮೆಟೊ ಮಂಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಬರೆದುಕೊಡುವ ಸಣ್ಣ ತಂಡ ನಮ್ಮದು. ನಾಲ್ಕೇ ಜನ. ಸೀಸನ್‌ನಲ್ಲಿ ಮಂಡಿಗೆ ಬೆಳಗಿನ ಜಾವದಿಂದಲೇ ಲೋಡ್ ಬರುತ್ತದೆ. ಎಷ್ಟು ಬಾಕ್ಸ್, ಯಾವ ರೇಟು, ಹಮಾಲಿ ಎಷ್ಟು, ಗಾಡಿ ಬಾಡಿಗೆ ಎಷ್ಟು, ಎಲ್ಲ ಲೆಕ್ಕ ಹಾಕಿ ರೈತರ ಕೈಗೆ ಪಟ್ಟಿ ಕೊಡಬೇಕು. ಕಳೆದ ಸೀಸನ್‌ನಲ್ಲಿ ಒಂದು ದಿನ ಒಬ್ಬ ರೈತರ ಪಟ್ಟಿ ಪ್ರಿಂಟ್ ಆಯಿತು, ಆದರೆ ಮಂಡಿಯ ಲೆಕ್ಕದಲ್ಲಿ ಸೇರಲೇ ಇಲ್ಲ. ಸಂಜೆ ದುಡ್ಡು ತಗೊಳ್ಳೋಕೆ ಬಂದವರಿಗೆ ಕಂಪ್ಯೂಟರ್ ನೋಡಿ ‘ನಿಮ್ಮ ಹೆಸರೇ ಇಲ್ಲ’ ಎಂದರಂತೆ. ಕೈಯಲ್ಲಿ ಪಟ್ಟಿ ಇದ್ದದ್ದರಿಂದ ದುಡ್ಡು ಸಿಕ್ಕಿತು. ಇಲ್ಲದಿದ್ದರೆ ಏನಾಗುತ್ತಿತ್ತೋ.

ಕಾರಣ ಒಂದೇ ಒಂದು ಪದ. ಪಟ್ಟಿಯನ್ನು ಸರ್ವರ್‌ಗೆ ಉಳಿಸುವ ಸಾಲಿನ ಮುಂದೆ ‘ಅವೈಟ್’ ಬಿಟ್ಟುಹೋಗಿತ್ತು. ಉಳಿಸುವ ಕೆಲಸ ಮುಗಿಯಿತೋ ಇಲ್ಲವೋ ಎಂದು ಕಾಯದೆ ಕೋಡ್ ಮುಂದಿನ ಸಾಲಿಗೆ ಹೋಗಿ ಪ್ರಿಂಟ್ ಕೊಟ್ಟಿತ್ತು. ಆ ಹೊತ್ತಿಗೆ ನೆಟ್ ಹೋಗಿತ್ತು. ಉಳಿಸುವ ಕೆಲಸ ಸೋತಿದ್ದು ಬ್ರೌಸರ್‌ನ ಕನ್ಸೋಲ್‌ನಲ್ಲಿ ಒಂದು ಕೆಂಪು ಸಾಲಾಗಿ ಬಿದ್ದಿತ್ತು. ಅದನ್ನು ಮಂಡಿಯಲ್ಲಿ ಯಾರು ನೋಡುತ್ತಾರೆ?

ನಮಗೆ ಜಾಸ್ತಿ ನೋವಾಗಿದ್ದು ಬೇರೆ ಕಾರಣಕ್ಕೆ. ಇಎಸ್‌ಲಿಂಟ್ ಎಂದರೆ ಜಾವಾಸ್ಕ್ರಿಪ್ಟ್ ಕೋಡನ್ನು ಓಡಿಸದೆಯೇ ಓದಿ, ರೂಲುಗಳ ಪ್ರಕಾರ ತಪ್ಪು ತೋರಿಸುವ (ಲಿಂಟ್ ಮಾಡುವ) ಟೂಲ್. ಇಂಥ ತಪ್ಪನ್ನು ಹಿಡಿಯುವ ರೂಲ್ ನಮ್ಮ ಇಎಸ್‌ಲಿಂಟ್ ಸೆಟ್ಟಿಂಗ್‌ನಲ್ಲಿ ಆನ್ ಇತ್ತು. ‘ನೋ-ಫ್ಲೋಟಿಂಗ್-ಪ್ರಾಮಿಸಸ್’ ಎಂದು ಅದರ ಹೆಸರು. “ಅಣ್ಣಾ, ರೂಲ್ ಎರರ್ ಅಂತಲೇ ಇದೆ, ಆದ್ರೂ ಹಿಡೀಲಿಲ್ವಲ್ಲ” ಎಂದು ಮುಳಬಾಗಿಲಿನ ನಮ್ಮ ಹುಡುಗ ಸ್ಕ್ರೀನ್ ತೋರಿಸಿದ. ನಿಜವೇ. ಫೈಲಿನಲ್ಲಿ ರೂಲ್ ಇತ್ತು. ಆ ರೂಲ್ ಬಿಲ್ಲಿಂಗ್ ಕೋಡ್‌ವರೆಗೆ ಹೋಗಿಯೇ ಇರಲಿಲ್ಲ.

ಆಮೇಲೆ ಈ ಟೂಲಿನ ಸೆಟ್ಟಿಂಗ್ ಎಲ್ಲೆಲ್ಲಿ ಕೈಕೊಡುತ್ತದೆ ಎಂದು ಕೂತು ಒಂದೊಂದೇ ನೋಡಿದೆವು. ನಮಗೆ ಕಂಡ ಲಕ್ಷಣಗಳ ಪ್ರಕಾರ ಇಲ್ಲಿ ಬರೆದಿದ್ದೇನೆ. ನಿಮಗೆ ಕಾಣುವ ಲಕ್ಷಣ ಯಾವುದೋ ಆ ಭಾಗಕ್ಕೆ ನೇರ ಹೋಗಿ. ಪ್ರತಿ ಭಾಗದಲ್ಲೂ ಮೊದಲು ಸುಲಭದ ಪರೀಕ್ಷೆ, ಆಮೇಲೆ ಕಷ್ಟದ್ದು. ಕಮಾಂಡ್‌ಗಳನ್ನೂ ಫೈಲಿನ ಹೆಸರುಗಳನ್ನೂ ಕನ್ನಡ ಅಕ್ಷರದಲ್ಲೇ ಕೊಟ್ಟಿದ್ದೇನೆ; ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರದಲ್ಲಿ ಮಾಡಿ.

ಕೈ ಹಾಕುವ ಮುಂಚೆ

ಮೊದಲು ಗಿಟ್‌ನಲ್ಲಿ (ಕೋಡಿನ ಬದಲಾವಣೆಗಳನ್ನು ದಾಖಲಿಸಿಡುವ ಟೂಲ್) ಕಮಿಟ್ ಮಾಡಿ. ಇಎಸ್‌ಲಿಂಟ್‌ನ ‘--ಫಿಕ್ಸ್’ ನಿಮ್ಮ ಫೈಲುಗಳನ್ನೇ ತಿದ್ದಿ ಬರೆಯುತ್ತದೆ. ಸೆಟ್ಟಿಂಗ್ ಸರಿಯಿಲ್ಲದ ಹೊತ್ತಲ್ಲಿ ಅದನ್ನು ಓಡಿಸಿದರೆ ಇನ್ನೂರು ಫೈಲು ಒಟ್ಟಿಗೆ ಬದಲಾಗಿ, ಯಾವುದು ನಿಮ್ಮ ಕೆಲಸ, ಯಾವುದು ಟೂಲಿನ ಕೆಲಸ ಎಂದು ಗೊತ್ತಾಗದೆ ಹೋಗುತ್ತದೆ. ದೋಷ ಹುಡುಕಿ ಮುಗಿಯುವವರೆಗೂ ‘--ಫಿಕ್ಸ್’ ಮುಟ್ಟಬೇಡಿ. ಎಡಿಟರ್‌ನಲ್ಲಿ ಸೇವ್ ಮಾಡಿದಾಗ ತಾನಾಗಿ ಫಿಕ್ಸ್ ಆಗುವಂತೆ ಇಟ್ಟಿದ್ದರೆ ಅದನ್ನೂ ಸ್ವಲ್ಪ ಹೊತ್ತು ಆಫ್ ಮಾಡಿ.

ಇನ್ನೊಂದು ಎಚ್ಚರಿಕೆ. ಇಎಸ್‌ಲಿಂಟ್‌ನ ಹೊಸ ಬಗೆಯ ಕಾನ್ಫಿಗ್ (ಸೆಟ್ಟಿಂಗ್) ಫೈಲು ಬರೀ ಪಟ್ಟಿಯಲ್ಲ, ಓಡುವ ಜಾವಾಸ್ಕ್ರಿಪ್ಟ್. ಪ್ಲಗಿನ್‌ಗಳೂ (ಹೆಚ್ಚುವರಿ ರೂಲುಗಳನ್ನು ತರುವ ಪ್ಯಾಕೇಜುಗಳು) ಹಾಗೇ. ಗುರುತಿಲ್ಲದವರ ಪ್ರಾಜೆಕ್ಟ್ ಇಳಿಸಿಕೊಂಡು ‘ಸುಮ್ನೆ ಲಿಂಟ್ ಮಾಡಿ ನೋಡೋಣ’ ಎಂದರೆ ಅವರ ಕೋಡನ್ನು ನಿಮ್ಮ ಕಂಪ್ಯೂಟರಿನಲ್ಲಿ ಓಡಿಸಿದ ಹಾಗೇ. ಎಡಿಟರ್ ‘ಈ ಫೋಲ್ಡರನ್ನು ನಂಬುತ್ತೀರಾ’ ಎಂದು ಕೇಳುವುದು ಇಂಥದ್ದಕ್ಕೇ.

ಆಮೇಲೆ ಎರಡು ನಂಬರ್ ಬರೆದಿಟ್ಟುಕೊಳ್ಳಿ: ‘ಎನ್‌ಪಿಎಕ್ಸ್ ಇಎಸ್‌ಲಿಂಟ್ --ವರ್ಷನ್’ ಕೊಡುವ ನಂಬರ್, ‘ನೋಡ್ --ವರ್ಷನ್’ ಕೊಡುವ ನಂಬರ್ (ನೋಡ್ ಎಂದರೆ ಬ್ರೌಸರಿನ ಹೊರಗೆ ಜಾವಾಸ್ಕ್ರಿಪ್ಟ್ ಓಡಿಸುವ ಪ್ರೋಗ್ರಾಂ). ಅರ್ಧ ಸಮಸ್ಯೆಗಳಿಗೆ ಉತ್ತರ ಇಲ್ಲೇ ಸಿಗುತ್ತದೆ. ಪ್ರಾಜೆಕ್ಟಿನಲ್ಲಿ ಇಎಸ್‌ಲಿಂಟ್ ಇನ್‌ಸ್ಟಾಲ್ ಆಗಿರದಿದ್ದರೆ ಎನ್‌ಪಿಎಕ್ಸ್ ನೆಟ್‌ನಿಂದ ಹೊಸ ಆವೃತ್ತಿಯನ್ನು ತಂದು ಓಡಿಸುತ್ತದೆ. ನೀವು ಎಂಟನೇ ಆವೃತ್ತಿ ಓಡುತ್ತಿದೆ ಎಂದುಕೊಂಡಿರುತ್ತೀರಿ, ಓಡುತ್ತಿರುವುದು ಬೇರೆ ಇರುತ್ತದೆ.

ಲಕ್ಷಣ: ಎಲ್ಲ ಹಸಿರು, ಒಂದೂ ತಪ್ಪು ತೋರಿಸುತ್ತಿಲ್ಲ

ಇದನ್ನೇ ಮೊದಲು ಇಟ್ಟಿದ್ದೇನೆ. ಇದು ಎಲ್ಲಕ್ಕಿಂತ ಅಪಾಯದ ಲಕ್ಷಣ, ಯಾಕೆಂದರೆ ಇದು ದೋಷದ ಹಾಗೆ ಕಾಣುವುದೇ ಇಲ್ಲ. ಇಎಸ್‌ಲಿಂಟ್ ಸುಮ್ಮನಿದ್ದರೆ ಎರಡು ಅರ್ಥ ಇರಬಹುದು: ಫೈಲು ನೋಡಿದೆ, ತಪ್ಪಿಲ್ಲ. ಅಥವಾ ಫೈಲನ್ನು ನೋಡೇ ಇಲ್ಲ. ಹೊರಗಿನಿಂದ ಎರಡೂ ಒಂದೇ ಥರ.

ಕಾಸು ಖರ್ಚಿಲ್ಲದ ಪರೀಕ್ಷೆ ಒಂದಿದೆ. ಅನುಮಾನ ಇರುವ ಫೈಲು ತೆರೆಯಿರಿ. ಮಧ್ಯದಲ್ಲಿ ಒಂದು ಒಂಟಿ ಆವರಣ ಚಿಹ್ನೆ ಹಾಕಿ, ಮುಚ್ಚಬೇಡಿ. ಕೋಡ್ ಮುರಿಯಬೇಕು. ಸೇವ್ ಮಾಡಿ, ನೀವು ದಿನಾ ಓಡಿಸುವ ಅದೇ ಲಿಂಟ್ ಕಮಾಂಡ್ ಓಡಿಸಿ. ಓದಲು ಬಾರದ ಕೋಡ್ ಸಿಕ್ಕರೆ ಇಎಸ್‌ಲಿಂಟ್ ‘ಪಾರ್ಸಿಂಗ್ ಎರರ್’ ಎಂದು ಕೂಗಲೇಬೇಕು. ಇದಕ್ಕೆ ಯಾವ ರೂಲೂ ಆನ್ ಇರಬೇಕಾಗಿಲ್ಲ. ಕೂಗಿದರೆ ಫೈಲು ಅದರ ಕಣ್ಣಿಗೆ ಬಿದ್ದಿದೆ, ತೊಂದರೆ ರೂಲಿನಲ್ಲಿದೆ. ಕೂಗದಿದ್ದರೆ ರೂಲುಗಳನ್ನು ಎಷ್ಟು ತಿದ್ದಿದರೂ ಉಪಯೋಗವಿಲ್ಲ. ಫೈಲೇ ಆಚೆ ಉಳಿದಿದೆ.

ನಮ್ಮಲ್ಲಿ ಕೂಗಲಿಲ್ಲ. ಬಿಲ್ಲಿಂಗ್ ಫೈಲಿನಲ್ಲಿ ಆವರಣ ಮುರಿದು ಕೂತಿದೆ, ಟರ್ಮಿನಲ್ ಮಾತ್ರ ನಿಶ್ಶಬ್ದ. ಆ ನಿಶ್ಶಬ್ದ ನೋಡಿದ ಮೇಲೆ ನಾವು ನಾಲ್ವರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಇಎಸ್‌ಲಿಂಟ್ ಹೀಗೆ ಸುಮ್ಮನಿರಲು ಸಾಮಾನ್ಯವಾಗಿ ಮೂರು ಕಾರಣ. ಮೊದಲನೆಯದು ಕಾನ್ಫಿಗ್‌ನ ‘ಫೈಲ್ಸ್’ ಸಾಲು. ನಮ್ಮದರಲ್ಲಿ ‘ಎಸ್‌ಆರ್‌ಸಿ/**/*.ಟಿಎಸ್’ ಎಂದಿತ್ತು. ಬಿಲ್ಲಿಂಗ್ ಕೋಡನ್ನು ಒಂದು ವರ್ಷದ ಹಿಂದೆ ‘ಪ್ಯಾಕೇಜಸ್’ ಎಂಬ ಬೇರೆ ಫೋಲ್ಡರಿಗೆ ಸಾಗಿಸಿದ್ದೆವು. ಇಎಸ್‌ಲಿಂಟ್ ಫೋಲ್ಡರ್ ಪೂರ್ತಿ ನೋಡುವಾಗ ತಾನಾಗಿ ಎತ್ತಿಕೊಳ್ಳುವುದು ಜೆಎಸ್, ಎಂಜೆಎಸ್, ಸಿಜೆಎಸ್ ಫೈಲುಗಳನ್ನು ಮಾತ್ರ. ಟಿಎಸ್, ಅಂದರೆ ಟೈಪ್‌ಸ್ಕ್ರಿಪ್ಟ್ (ಟೈಪ್‌ಗಳನ್ನೂ ಹೇಳಿ ಬರೆಯುವ ಜಾವಾಸ್ಕ್ರಿಪ್ಟ್) ಫೈಲು ಬೇಕಿದ್ದರೆ ಯಾವುದಾದರೂ ‘ಫೈಲ್ಸ್’ ಸಾಲು ಅದನ್ನು ಹೆಸರಿಸಬೇಕು. ಸಾಗಿಸಿದ ಫೋಲ್ಡರನ್ನು ಯಾವ ಸಾಲೂ ಹೆಸರಿಸಿರಲಿಲ್ಲ. ಅಷ್ಟೇ ಆಗಿದ್ದು.

ಎರಡನೆಯದು ‘ಇಗ್ನೋರ್ಸ್’. ಇದರಲ್ಲಿ ತುಂಬ ಜನ ಎಡವುವ ಒಂದು ಜಾಗ ಇದೆ. ಒಂದು ಕಾನ್ಫಿಗ್ ತುಂಡಿನಲ್ಲಿ ‘ಇಗ್ನೋರ್ಸ್’ ಒಂದೇ ಇದ್ದರೆ ಅದು ಇಡೀ ಪ್ರಾಜೆಕ್ಟಿಗೆ ಅನ್ವಯ. ಅದರ ಜೊತೆ ‘ರೂಲ್ಸ್’ನಂಥ ಇನ್ನೊಂದು ಸೆಟ್ಟಿಂಗ್ ಸೇರಿದರೆ ಆ ತುಂಡಿಗೆ ಮಾತ್ರ ಅನ್ವಯ. ಒಂದು ಸಾಲು ಸೇರಿಸಿದ್ದಕ್ಕೆ ಅರ್ಥವೇ ಬದಲಾಗುತ್ತದೆ. ಬಿಲ್ಡ್ ಫೋಲ್ಡರ್ ಬಿಡು ಎಂದರೂ ಬಿಡದಿದ್ದರೆ, ಅಥವಾ ಬೇಕಾದ ಫೋಲ್ಡರೇ ಮಾಯವಾಗಿದ್ದರೆ ಇಲ್ಲಿ ನೋಡಿ.

ಮೂರನೆಯದು ಕೋಡಿನೊಳಗಿನ ಕಾಮೆಂಟ್. ಫೈಲಿನ ತಲೆಯಲ್ಲಿ ಯಾರೋ ಎಂದೋ ‘ಇಎಸ್‌ಲಿಂಟ್-ಡಿಸೇಬಲ್’ ಎಂದು ಬರೆದಿಟ್ಟಿರುತ್ತಾರೆ. ಪಾರ್ಸಿಂಗ್ ಎರರ್ ಕೂಗಿತು, ಆದರೆ ರೂಲ್ ಮಾತ್ರ ಕೂಗುತ್ತಿಲ್ಲ ಎಂದಾದರೆ ಮೊದಲ ಅನುಮಾನ ಇದರ ಮೇಲೆ ಇರಲಿ. ‘--ನೋ-ಇನ್‌ಲೈನ್-ಕಾನ್ಫಿಗ್’ ಸೇರಿಸಿ ಓಡಿಸಿದರೆ ಆ ಕಾಮೆಂಟುಗಳಿಗೆಲ್ಲ ಬೆಲೆ ಇರುವುದಿಲ್ಲ. ಆಗ ತಪ್ಪುಗಳು ಹೊರಬಂದರೆ ಕಳ್ಳ ಸಿಕ್ಕ ಹಾಗೇ.

ಈ ಮೂರೂ ಅಲ್ಲ ಎಂದರೆ ಟೂಲನ್ನೇ ಕೇಳಿ. ‘ಎನ್‌ಪಿಎಕ್ಸ್ ಇಎಸ್‌ಲಿಂಟ್ --ಪ್ರಿಂಟ್-ಕಾನ್ಫಿಗ್’ ಎಂದು ಬರೆದು ಮುಂದೆ ಆ ಒಂದು ಫೈಲಿನ ದಾರಿ ಕೊಡಿ. ಆ ಫೈಲಿಗೆ ಕೊನೆಗೆ ಯಾವ ರೂಲುಗಳು ತಲುಪಿದವು ಎಂದು ಪೂರ್ತಿ ಉದುರಿಸುತ್ತದೆ. ರೂಲಿನ ಹೆಸರಿನ ಮುಂದೆ 0 ಇದ್ದರೆ ಆಫ್, 1 ಇದ್ದರೆ ವಾರ್ನಿಂಗ್, 2 ಇದ್ದರೆ ಎರರ್. ಉತ್ತರವಾಗಿ ಬರೀ ‘ಅನ್‌ಡಿಫೈನ್ಡ್’ ಬಂದರೆ ಆ ಫೈಲಿಗೆ ಯಾವ ಕಾನ್ಫಿಗೂ ಇಲ್ಲ. ಈ ಒಂದು ಕಮಾಂಡ್ ನಮಗೆ ಮೊದಲೇ ಅಭ್ಯಾಸ ಇದ್ದಿದ್ದರೆ ಆ ರೈತರು ಸಂಜೆ ಅಷ್ಟು ಹೊತ್ತು ನಿಲ್ಲಬೇಕಿರಲಿಲ್ಲ. ಕಾನ್ಫಿಗ್ ಫೈಲು ಓದಿ ಊಹೆ ಮಾಡಬೇಡಿ. ಫೈಲಿಗೆ ಏನು ತಲುಪಿದೆ ಎಂದು ಕೇಳಿ ನೋಡಿ. ಒಂಬತ್ತನೇ ಆವೃತ್ತಿಯಲ್ಲಿ ‘--ಇನ್‌ಸ್ಪೆಕ್ಟ್-ಕಾನ್ಫಿಗ್’ ಎಂಬುದೂ ಇದೆ. ಅದು ಬ್ರೌಸರಿನಲ್ಲಿ ತೆರೆದುಕೊಂಡು, ಯಾವ ತುಂಡು ಯಾವ ಫೈಲಿಗೆ ಹೊಂದುತ್ತದೆ ಎಂದು ಕಣ್ಣಿಗೆ ಕಾಣುವಂತೆ ತೋರಿಸುತ್ತದೆ. ಕಾನ್ಫಿಗ್ ದೊಡ್ಡದಿದ್ದರೆ ಅದೇ ಸುಲಭ.

ಲಕ್ಷಣ: ‘ಕಾನ್ಫಿಗ್ ಫೈಲು ಸಿಗಲಿಲ್ಲ’ ಎಂದು ನಿಲ್ಲುತ್ತದೆ

ನಿನ್ನೆ ಓಡುತ್ತಿತ್ತು, ಅಪ್‌ಡೇಟ್ ಆದ ಮೇಲೆ ನಿಂತಿತು ಎಂದರೆ ಬಹುಪಾಲು ಇದೇ. 2024ರ ಏಪ್ರಿಲ್‌ನಲ್ಲಿ ಬಂದ ಒಂಬತ್ತನೇ ಆವೃತ್ತಿ ಹಳೆಯ ‘.ಇಎಸ್‌ಲಿಂಟ್‌ಆರ್‌ಸಿ’ ಫೈಲನ್ನು ತಾನಾಗಿ ಓದುವುದಿಲ್ಲ. ‘ಇಎಸ್‌ಲಿಂಟ್.ಕಾನ್ಫಿಗ್.ಜೆಎಸ್’ ಎಂಬ ಹೊಸ ಫೈಲು ಬೇಕು. ಹಳೆಯ ‘.ಇಎಸ್‌ಲಿಂಟ್‌ಇಗ್ನೋರ್’ ಕೂಡ ಈಗ ಲೆಕ್ಕಕ್ಕಿಲ್ಲ. ಅದರಲ್ಲಿದ್ದ ಸಾಲುಗಳನ್ನು ಹೊಸ ಫೈಲಿನ ‘ಇಗ್ನೋರ್ಸ್’ಗೆ ತರಬೇಕು.

ಮೊದಲು ನೋಡಬೇಕಾದದ್ದು: ಟರ್ಮಿನಲ್ ಯಾವ ಫೋಲ್ಡರಿನಲ್ಲಿದೆ? ಪ್ರಾಜೆಕ್ಟಿನ ಬುಡದ ಫೋಲ್ಡರಿನಿಂದ ಓಡಿಸಿ ನೋಡಿ. ಎರಡನೆಯದು ಫೈಲಿನ ಹೆಸರಿನ ಸ್ಪೆಲ್ಲಿಂಗ್, ಚುಕ್ಕಿ ಸಮೇತ. ಮೂರನೆಯದು: ಫೈಲು ಸಿಕ್ಕಿದೆ, ಆದರೆ ‘ಮಾಡ್ಯೂಲಿನ ಹೊರಗೆ ಇಂಪೋರ್ಟ್ ಬಳಸುವ ಹಾಗಿಲ್ಲ’ ಎಂಬರ್ಥದ ಎರರ್ ಬರುತ್ತಿದೆ ಎಂದಾದರೆ ಫೈಲಿನ ಬಾಲವನ್ನು ‘ಎಂಜೆಎಸ್’ ಎಂದು ಬದಲಿಸಿ. ಅಲ್ಲಿಗೆ ಮುಗಿಯಿತು.

‘ಸ್ಟ್ರಕ್ಚರ್ಡ್‌ಕ್ಲೋನ್ ಸಿಗಲಿಲ್ಲ’ ಎಂಬ ಅರ್ಥವಾಗದ ಎರರ್ ಬಂದರೆ ರೂಲ್ ಕಡೆ ನೋಡಲೇಬೇಡಿ. ನಿಮ್ಮ ನೋಡ್ ಹಳೆಯದು. ಒಂಬತ್ತನೇ ಆವೃತ್ತಿಗೆ ಕನಿಷ್ಠ ನೋಡ್ 18.18 ಬೇಕು.

ಹಳೆಯ ಕಾನ್ಫಿಗ್ ತುಂಬ ದೊಡ್ಡದಿದ್ದರೆ ಇಎಸ್‌ಲಿಂಟ್‌ನವರದ್ದೇ ‘ಮೈಗ್ರೇಟ್-ಕಾನ್ಫಿಗ್’ ಟೂಲ್ ಇದೆ. ಅದು ಮೊದಲ ಕರಡು ಬರೆದುಕೊಡುತ್ತದೆ, ಉಳಿದದ್ದನ್ನು ನೀವೇ ಓದಿ ತಿದ್ದಬೇಕು. ಬದಲಾವಣೆಗೆ ಮುಂಚೆ ಹಳೆಯ ಸೆಟ್ಟಿಂಗ್‌ನಲ್ಲಿ ಎರಡು ಮೂರು ಮುಖ್ಯ ಫೈಲುಗಳ ಪ್ರಿಂಟ್-ಕಾನ್ಫಿಗ್ ತೆಗೆದಿಟ್ಟುಕೊಳ್ಳಿ. ಬದಲಾಯಿಸಿದ ಮೇಲೆ ಮತ್ತೆ ತೆಗೆದು ಎರಡನ್ನೂ ಹೋಲಿಸಿ. ಎಷ್ಟು ರೂಲ್ ದಾರಿಯಲ್ಲಿ ಉದುರಿಹೋಗಿವೆ ಎಂದು ಆಗ ಗೊತ್ತಾಗುತ್ತದೆ.

ಲಕ್ಷಣ: ಆಫ್ ಮಾಡಿದ ರೂಲ್ ಕೂಗುತ್ತಲೇ ಇದೆ, ಆನ್ ಮಾಡಿದ್ದು ಸುಮ್ಮನಿದೆ

ಕಾನ್ಫಿಗ್ ಒಂದು ಸಾಲುಪಟ್ಟಿ. ಮೇಲಿಂದ ಕೆಳಕ್ಕೆ ಓದಲಾಗುತ್ತದೆ. ಒಂದೇ ರೂಲನ್ನು ಇಬ್ಬರು ಹೇಳಿದರೆ ಕೆಳಗಿನವರ ಮಾತು ನಡೆಯುತ್ತದೆ. ನೀವು ಮೇಲೆ ಬರೆದ ಸೆಟ್ಟಿಂಗನ್ನು ಕೆಳಗೆ ಬರುವ ‘ರೆಕಮೆಂಡೆಡ್’ ಎಂಬ ಸಿದ್ಧ ರೂಲುಗಳ ಗುಂಪು ಅಳಿಸಿಬಿಡುತ್ತದೆ. ನಿಮ್ಮ ಸ್ವಂತ ರೂಲುಗಳನ್ನು ಕೆಳಗೆ ಇಳಿಸಿ ನೋಡಿ. ಹತ್ತರಲ್ಲಿ ಆರೇಳು ಸಲ ಇಷ್ಟಕ್ಕೇ ಸರಿಹೋಗುತ್ತದೆ ಎಂಬುದು ನನ್ನ ಅನುಭವ.

ಸರಿಹೋಗದಿದ್ದರೆ ಎರರ್ ಸಾಲಿನ ಕೊನೆಯಲ್ಲಿರುವ ರೂಲಿನ ಹೆಸರನ್ನು ಅಕ್ಷರ ಅಕ್ಷರ ಓದಿ. ಟೈಪ್‌ಸ್ಕ್ರಿಪ್ಟ್ ಪ್ರಾಜೆಕ್ಟಿನಲ್ಲಿ ಒಂದೇ ಹೆಸರಿನ ಎರಡು ರೂಲ್ ಇರುತ್ತವೆ. ಬರೀ ‘ನೋ-ಅನ್‌ಯೂಸ್ಡ್-ವಾರ್ಸ್’ ಇಎಸ್‌ಲಿಂಟ್‌ನ ಸ್ವಂತದ್ದು. ಮುಂದೆ ‘@ಟೈಪ್‌ಸ್ಕ್ರಿಪ್ಟ್-ಇಎಸ್‌ಲಿಂಟ್/’ ಎಂದು ಸೇರಿದ್ದು ಪ್ಲಗಿನ್‌ನದ್ದು. ನೀವು ಒಂದನ್ನು ಆಫ್ ಮಾಡಿದ್ದೀರಿ, ಕೂಗುತ್ತಿರುವುದು ಇನ್ನೊಂದು. ಟೈಪ್‌ಸ್ಕ್ರಿಪ್ಟ್ ಕೋಡಿಗೆ ಮೂಲದ್ದನ್ನು ಆಫ್ ಮಾಡಿ ಪ್ಲಗಿನ್‌ನದ್ದನ್ನು ಇಟ್ಟುಕೊಳ್ಳುವುದು ರೂಢಿ.

ರೂಲಿನ ಒಳ ಆಯ್ಕೆಗಳ ವಿಷಯದಲ್ಲೂ ಒಂದು ಸೂಕ್ಷ್ಮ ಇದೆ. ಕೆಳಗಿನ ತುಂಡಿನಲ್ಲಿ ಬರೀ ‘ವಾರ್ನ್’ ಎಂದಷ್ಟೇ ಬರೆದರೆ ಮೇಲಿನ ಆಯ್ಕೆಗಳು ಹಾಗೇ ಉಳಿಯುತ್ತವೆ, ತೀವ್ರತೆ ಮಾತ್ರ ಬದಲಾಗುತ್ತದೆ. ಆಯ್ಕೆಯನ್ನೂ ಸೇರಿಸಿ ಬರೆದರೆ ಮೇಲಿನದೆಲ್ಲ ಹೋಗಿ ಹೊಸದು ಕೂರುತ್ತದೆ. ಎರಡೂ ಬೆರೆಯುವುದಿಲ್ಲ. ‘ಒಂದು ಆಯ್ಕೆ ಸೇರಿಸಿದೆ, ಇನ್ನೊಂದು ಕೆಲಸ ನಿಲ್ಲಿಸಿತು’ ಎಂದು ಬಂಗಾರಪೇಟೆಯಿಂದ ಬರುವ ನಮ್ಮ ಸಹೋದ್ಯೋಗಿ ಅರ್ಧ ದಿನ ಹುಡುಕಿದ್ದು ಇದನ್ನೇ.

ಇನ್ನು ‘ರೂಲ್ ತಪ್ಪು ತೋರಿಸುತ್ತಿದೆ, ಆದರೂ ಸರ್ವರ್‌ನಲ್ಲಿ ಬಿಲ್ಡ್ ಪಾಸ್ ಆಗುತ್ತಿದೆ’ ಎನ್ನುವವರು ‘ವಾರ್ನ್’ ಇಟ್ಟಿದ್ದಾರಾ ನೋಡಿ. ವಾರ್ನಿಂಗ್ ಎಷ್ಟಿದ್ದರೂ ಇಎಸ್‌ಲಿಂಟ್ ಸೊನ್ನೆ ಎಂಬ ಕೋಡಿನೊಂದಿಗೆ ಮುಗಿಯುತ್ತದೆ, ಅಂದರೆ ಪಾಸ್. ಎರರ್ ಇದ್ದರೆ 1. ಕಾನ್ಫಿಗ್ ಕೆಟ್ಟಿದ್ದರೆ ಅಥವಾ ಟೂಲೇ ಬಿದ್ದರೆ 2. ವಾರ್ನಿಂಗಿಗೂ ನಿಲ್ಲಬೇಕಿದ್ದರೆ ‘--ಮ್ಯಾಕ್ಸ್-ವಾರ್ನಿಂಗ್ಸ್ 0’ ಸೇರಿಸಿ. ನನ್ನ ಅಭಿಪ್ರಾಯ ಕೇಳಿದರೆ, ದುಡ್ಡಿನ ಲೆಕ್ಕ ಮುಟ್ಟುವ ಕೋಡಿಗೆ ವಾರ್ನಿಂಗ್ ಎಂಬ ದರ್ಜೆಯೇ ಬೇಡ. ಎರರ್ ಇರಲಿ, ಇಲ್ಲವೇ ಆಫ್ ಇರಲಿ. ಸಾವಿರ ಹಳದಿ ಗೆರೆಗಳ ಮಧ್ಯೆ ಬೇಕಾದ ಒಂದು ಗೆರೆ ಯಾರ ಕಣ್ಣಿಗೂ ಬೀಳುವುದಿಲ್ಲ.

ಲಕ್ಷಣ: ‘ಇಂಥ ಪ್ಲಗಿನ್ ಇಲ್ಲ’, ‘ಇಂಥ ರೂಲ್ ಇಲ್ಲ’ ಎನ್ನುತ್ತದೆ

ಪ್ಲಗಿನ್ ಇನ್‌ಸ್ಟಾಲ್ ಆಗಿದೆಯಾ, ಕಾನ್ಫಿಗ್‌ನಲ್ಲಿ ಇಂಪೋರ್ಟ್ ಮಾಡಿ ‘ಪ್ಲಗಿನ್ಸ್’ ಕೆಳಗೆ ಹೆಸರು ಕೊಟ್ಟಿದ್ದೀರಾ, ಆ ಹೆಸರೇ ರೂಲಿನ ಮುಂದೆ ಇದೆಯಾ, ಈ ಮೂರು ನೋಡಿ. ಒಂದೇ ಅಕ್ಷರ ತಪ್ಪಿದ್ದರೂ ಸಿಗುವುದಿಲ್ಲ. ಕಾನ್ಫಿಗ್‌ನಲ್ಲಿ ಆ ರೂಲ್ ಎಲ್ಲೂ ಇಲ್ಲ, ಆದರೂ ‘ರೂಲ್ ಸಿಗಲಿಲ್ಲ’ ಎಂದು ಬರುತ್ತಿದೆ ಎಂದರೆ ಕೋಡಿನೊಳಗಿನ ಹಳೆಯ ಡಿಸೇಬಲ್ ಕಾಮೆಂಟ್ ಹುಡುಕಿ. ತೆಗೆದುಹಾಕಿದ ಪ್ಲಗಿನ್ನಿನ ಹೆಸರು ಅಲ್ಲಿ ಉಳಿದಿರುತ್ತದೆ.

‘ಈ ರೂಲಿಗೆ ಟೈಪ್ ಮಾಹಿತಿ ಬೇಕು’ ಎಂಬ ಎರರ್ ಬೇರೆ ಜಾತಿಯದ್ದು. ನೋ-ಫ್ಲೋಟಿಂಗ್-ಪ್ರಾಮಿಸಸ್‌ನಂಥ ರೂಲುಗಳು ಕೋಡಿನ ಅಕ್ಷರ ನೋಡಿ ತೀರ್ಮಾನ ಮಾಡಲಾರವು. ಆ ಫಂಕ್ಷನ್ ಏನು ವಾಪಸ್ ಕೊಡುತ್ತದೆ ಎಂದು ಟೈಪ್‌ಸ್ಕ್ರಿಪ್ಟನ್ನು ಕೇಳಬೇಕು. ಅದಕ್ಕೆ ‘ಪಾರ್ಸರ್‌ಆಪ್ಷನ್ಸ್’ನಲ್ಲಿ ‘ಪ್ರಾಜೆಕ್ಟ್‌ಸರ್ವಿಸ್: ಟ್ರೂ’ ಎಂದು ಇಡಬೇಕು. ಈ ರೂಲ್ ಬರೀ ‘ರೆಕಮೆಂಡೆಡ್’ ಗುಂಪಿನಲ್ಲಿ ಇಲ್ಲ, ‘ರೆಕಮೆಂಡೆಡ್‌ಟೈಪ್‌ಚೆಕ್ಡ್’ ಗುಂಪಿನಲ್ಲಿದೆ. ‘ರೆಕಮೆಂಡೆಡ್ ಹಾಕಿದ್ದೇವೆ, ಅವೈಟ್ ಮರೆತರೆ ಹಿಡಿಯುತ್ತದೆ’ ಎಂದು ನಂಬಿ ಕೂತವರು ದಯವಿಟ್ಟು ಇವತ್ತೇ ನೋಡಿಕೊಳ್ಳಿ.

ಲಕ್ಷಣ: ಒಂದೇ ಸಲ ಸಾವಿರಾರು ತಪ್ಪು

ಗಾಬರಿ ಬೇಡ. ಸಾವಿರ ತಪ್ಪು ಎಂದರೆ ಸಾವಿರ ಕಾರಣ ಇರುವುದಿಲ್ಲ, ಒಂದೋ ಎರಡೋ ಇರುತ್ತದೆ. ಮೊದಲ ಇಪ್ಪತ್ತು ಸಾಲು ಓದಿ. ಯಾವ ಫೋಲ್ಡರು, ಯಾವ ರೂಲು, ಇಷ್ಟು ನೋಡಿದರೆ ಸಾಕು.

ಎಲ್ಲವೂ ‘ಡಿಸ್ಟ್’ ಅಥವಾ ‘ಬಿಲ್ಡ್’ ಫೋಲ್ಡರಿನದ್ದಾದರೆ ಯಂತ್ರ ಬರೆದ ಕೋಡನ್ನು ಲಿಂಟ್ ಮಾಡುತ್ತಿದ್ದೀರಿ. ‘ನೋಡ್_ಮಾಡ್ಯೂಲ್ಸ್’ ತಾನಾಗಿ ಬಿಟ್ಟುಹೋಗುತ್ತದೆ, ಇವು ಹಾಗಲ್ಲ. ನಿಮ್ಮ ಗಿಟ್‌ಇಗ್ನೋರ್ ಫೈಲನ್ನೂ ಇಎಸ್‌ಲಿಂಟ್ ತಾನಾಗಿ ನೋಡುವುದಿಲ್ಲ. ‘ಇಗ್ನೋರ್ಸ್’ನಲ್ಲಿ ‘ಡಿಸ್ಟ್/’ ಎಂದರೆ ಬುಡದಲ್ಲಿರುವ ಒಂದು ಫೋಲ್ಡರ್ ಮಾತ್ರ. ಒಳಗೆಲ್ಲ ಇರುವ ಡಿಸ್ಟ್‌ಗಳೂ ಬೇಡ ಎಂದರೆ ‘**/ಡಿಸ್ಟ್/’ ಎಂದು ಬರೆಯಬೇಕು.

ಪ್ರತಿ ಸಾಲಿನ ಕೊನೆಯಲ್ಲೂ ತಪ್ಪು, ‘ಎಲ್‌ಎಫ್ ಬೇಕಿತ್ತು, ಸಿಆರ್‌ಎಲ್‌ಎಫ್ ಇದೆ’ ಎನ್ನುತ್ತಿದೆಯೇ? ಇದು ವಿಂಡೋಸ್ ಮತ್ತು ಲಿನಕ್ಸ್ ಸಾಲು ಮುಗಿಸುವ ರೀತಿಯ ವ್ಯತ್ಯಾಸ. ಕೋಡಿನಲ್ಲಿ ತಪ್ಪಿಲ್ಲ. ರೂಲನ್ನು ದೂರಬೇಡಿ, ಗಿಟ್ ಸೆಟ್ಟಿಂಗ್ ಸರಿಮಾಡಿ: ‘.ಗಿಟ್‌ಆಟ್ರಿಬ್ಯೂಟ್ಸ್’ ಫೈಲಿನಲ್ಲಿ ಎಲ್ಲರಿಗೂ ಎಲ್‌ಎಫ್ ಎಂದು ಬರೆದು, ‘ಗಿಟ್ ಆಡ್ --ರೀನಾರ್ಮಲೈಸ್’ ಒಂದು ಸಲ ಓಡಿಸಿ, ಅದನ್ನೇ ಒಂದು ಪ್ರತ್ಯೇಕ ಕಮಿಟ್ ಮಾಡಿ.

ಹಳೆಯ ಪ್ರಾಜೆಕ್ಟಿಗೆ ಹೊಸ ರೂಲ್ ಹಾಕಿದ್ದಕ್ಕೆ ನಿಜವಾಗಿಯೂ ಎಂಟುನೂರು ತಪ್ಪು ಬಂದಿದ್ದರೆ ರೂಲ್ ಆಫ್ ಮಾಡಬೇಡಿ. ಒಂದೇ ದಿನದಲ್ಲಿ ಎಲ್ಲ ತಿದ್ದಲೂ ಹೋಗಬೇಡಿ. ಇಎಸ್‌ಲಿಂಟ್ 9.24ರಿಂದ ‘--ಸಪ್ರೆಸ್-ಆಲ್’ ಇದೆ. ಈಗಿರುವ ತಪ್ಪುಗಳನ್ನು ಒಂದು ಫೈಲಿನಲ್ಲಿ ಲೆಕ್ಕ ಬರೆದಿಟ್ಟು, ಹೊಸದಾಗಿ ಸೇರುವ ತಪ್ಪಿಗೆ ಮಾತ್ರ ಕೂಗುತ್ತದೆ. ಹಳೆಯ ಸಾಲವನ್ನು ಕಂತಿನಲ್ಲಿ ತೀರಿಸುವ ಹಾಗೆ ವಾರಕ್ಕಿಷ್ಟು ತೀರಿಸಬಹುದು. ನಾವು ಅವೈಟ್ ರೂಲನ್ನು ಬಿಲ್ಲಿಂಗ್ ಫೋಲ್ಡರಿಗೆ ತಲುಪಿಸಿದ ದಿನ ಮೂವತ್ತಕ್ಕೂ ಜಾಸ್ತಿ ಜಾಗದಲ್ಲಿ ಅದೇ ತಪ್ಪು ಸಿಕ್ಕಿತು. ಅವನ್ನು ಮಾತ್ರ ನಾವು ಕಂತಿಗೆ ಬಿಡಲಿಲ್ಲ. ಆ ರಾತ್ರಿಯೇ ಕೂತು ಒಂದೊಂದನ್ನೂ ತಿದ್ದಿದೆವು.

ಲಕ್ಷಣ: ಎಡಿಟರ್ ಹೇಳುವುದು ಒಂದು, ಟರ್ಮಿನಲ್ ಹೇಳುವುದು ಇನ್ನೊಂದು

ಮೊದಲು ಎಡಿಟರಿನ ಇಎಸ್‌ಲಿಂಟ್ ಸರ್ವರನ್ನು ರೀಸ್ಟಾರ್ಟ್ ಮಾಡಿ. ವಿಎಸ್ ಕೋಡ್‌ನಲ್ಲಿ ಅದಕ್ಕೆಂದೇ ಒಂದು ಕಮಾಂಡ್ ಇದೆ. ಕಾನ್ಫಿಗ್ ಬದಲಾಯಿಸಿದ ಮೇಲೆ, ಪ್ಯಾಕೇಜ್ ಹಾಕಿದ ಮೇಲೆ ಇದನ್ನು ಅಭ್ಯಾಸ ಮಾಡಿಕೊಳ್ಳಿ. ಆಮೇಲೆ ಔಟ್‌ಪುಟ್ ಪ್ಯಾನೆಲ್ ತೆರೆದು ಇಎಸ್‌ಲಿಂಟ್ ಆರಿಸಿ. ಯಾವ ದಾರಿಯಿಂದ ಇಎಸ್‌ಲಿಂಟ್ ಎತ್ತಿಕೊಂಡಿದೆ, ಎಲ್ಲಿ ಬಿದ್ದಿದೆ ಎಂದು ಅಲ್ಲಿ ಬರೆದಿರುತ್ತದೆ. ಎಷ್ಟೋ ಸಲ ಗೆರೆಗಳು ಕಾಣದಿರುವುದು ಕೋಡ್ ಚೆನ್ನಾಗಿರುವುದಕ್ಕಲ್ಲ. ಎಕ್ಸ್‌ಟೆನ್ಷನ್ನೇ ಸತ್ತು ಕೂತಿರುತ್ತದೆ.

ಒಂದೇ ರೆಪೊದಲ್ಲಿ ಹಲವು ಪ್ರಾಜೆಕ್ಟ್ ಇದ್ದರೆ ಎಡಿಟರ್ ಯಾವ ಫೋಲ್ಡರನ್ನು ಬುಡ ಎಂದುಕೊಂಡಿದೆ ಎನ್ನುವುದೂ ಮುಖ್ಯ. ಅದನ್ನು ‘ವರ್ಕಿಂಗ್ ಡೈರೆಕ್ಟರೀಸ್’ ಸೆಟ್ಟಿಂಗಿನಲ್ಲಿ ಹೇಳಬಹುದು.

ಟರ್ಮಿನಲ್ಲಿನಲ್ಲಿ ‘--ಕ್ಯಾಶ್’ ಬಳಸುತ್ತಿದ್ದರೆ ‘.ಇಎಸ್‌ಲಿಂಟ್‌ಕ್ಯಾಶ್’ ಫೈಲನ್ನು ಅಳಿಸಿ ಮತ್ತೆ ಓಡಿಸಿ. ಬದಲಾಗದ ಫೈಲನ್ನು ಕ್ಯಾಶ್ ಮತ್ತೆ ನೋಡುವುದಿಲ್ಲ. ಆದರೆ ಟೈಪ್ ಮಾಹಿತಿ ಬೇಡುವ ರೂಲುಗಳ ಉತ್ತರ ಬೇರೆ ಫೈಲು ಬದಲಾದರೂ ಬದಲಾಗುತ್ತದೆ. ಹಳಸಿದ ಉತ್ತರವನ್ನು ಹೊಸದೆಂದು ನಂಬಿದ ಹಾಗಾಗುತ್ತದೆ.

ನಿಮ್ಮ ಕಂಪ್ಯೂಟರಿನಲ್ಲಿ ಸರಿ, ಸರ್ವರ್‌ನಲ್ಲಿ ಮಾತ್ರ ತಪ್ಪು ಎಂದರೆ ಆವೃತ್ತಿಗಳನ್ನು ಹೋಲಿಸಿ. ಪ್ಯಾಕೇಜುಗಳ ಆವೃತ್ತಿ ಬರೆದಿಟ್ಟಿರುವ ಲಾಕ್ ಫೈಲು ಕಮಿಟ್ ಆಗಿರಬೇಕು, ಸರ್ವರ್‌ನಲ್ಲಿ ಆ ಆವೃತ್ತಿಗಳನ್ನೇ ಹಾಕುವ ‘ಎನ್‌ಪಿಎಂ ಸಿಐ’ ಓಡಬೇಕು. ಲಿನಕ್ಸ್‌ನಲ್ಲಿ ಫೈಲಿನ ಹೆಸರಿನ ದೊಡ್ಡಕ್ಷರ, ಚಿಕ್ಕಕ್ಷರ ಬೇರೆ ಬೇರೆ ಎನ್ನುವುದೂ ನೆನಪಿರಲಿ.

ಲಕ್ಷಣ: ಸೇವ್ ಮಾಡಿದಾಗಲೆಲ್ಲ ಕೋಡ್ ಆಚೀಚೆ ಜಿಗಿಯುತ್ತದೆ

ಕೋಡಿನ ಸಾಲು, ಜಾಗಗಳನ್ನು ಜೋಡಿಸುವ ಪ್ರೆಟಿಯರ್ ಎಂಬ ಟೂಲ್ ಒಂದು ಥರ ಜೋಡಿಸುತ್ತದೆ, ಇಎಸ್‌ಲಿಂಟ್ ಇನ್ನೊಂದು ಥರ. ಜೋಡಣೆಯ ಕೆಲಸ ಪ್ರೆಟಿಯರ್‌ಗೇ ಬಿಡಿ. ಇಎಸ್‌ಲಿಂಟ್‌ನವರೇ 2023ರಲ್ಲಿ ತಮ್ಮ ಜೋಡಣೆ ರೂಲುಗಳನ್ನು ಹಳತು ಎಂದು ಬದಿಗಿಟ್ಟಿದ್ದಾರೆ. ‘ಇಎಸ್‌ಲಿಂಟ್-ಕಾನ್ಫಿಗ್-ಪ್ರೆಟಿಯರ್’ ಅನ್ನು ಕಾನ್ಫಿಗ್‌ನ ಕಟ್ಟಕಡೆಗೆ ಹಾಕಿದರೆ ಜಗಳ ಮಾಡುವ ರೂಲುಗಳು ಆಫ್ ಆಗುತ್ತವೆ. ಅದರ ಕೆಳಗೆ ಇನ್ನೊಂದು ಗುಂಪು ಇಟ್ಟರೆ ಮತ್ತೆ ಆನ್ ಆಗುತ್ತವೆ.

ಲಕ್ಷಣ: ಲಿಂಟ್ ಮುಗಿಯುವುದೇ ಇಲ್ಲ

‘ಟೈಮಿಂಗ್=1’ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್ ಇಟ್ಟು ಓಡಿಸಿ. ಯಾವ ರೂಲ್ ಎಷ್ಟು ಹೊತ್ತು ತಿಂದಿತು ಎಂದು ಪಟ್ಟಿ ಬರುತ್ತದೆ. ಟೈಪ್ ಮಾಹಿತಿ ಬೇಡುವ ರೂಲುಗಳಲ್ಲಿ ಮೊದಲು ಓಡಿದ್ದರ ಲೆಕ್ಕಕ್ಕೆ ಟೈಪ್ ಓದುವ ಸಮಯವೆಲ್ಲ ಸೇರುವುದರಿಂದ, ಪಟ್ಟಿಯ ಮೇಲ್ತುದಿಯ ರೂಲನ್ನು ಕಣ್ಣುಮುಚ್ಚಿ ತೆಗೆಯಬೇಡಿ. ಬಿಲ್ಡ್ ಫೋಲ್ಡರ್ ಸೇರಿಕೊಂಡಿದೆಯಾ ಎಂದು ಮೊದಲು ನೋಡಿ. ಆಮೇಲೆ, ನಿಧಾನದ ರೂಲುಗಳನ್ನು ಎಲ್ಲ ಕಡೆ ಹಾಕುವ ಬದಲು ದುಡ್ಡು, ದಾಸ್ತಾನು, ಲಾಗಿನ್‌ನಂಥ ಫೋಲ್ಡರುಗಳಿಗೆ ಮಾತ್ರ ಹಾಕಬಹುದು. ಹಾಗೆ ಮಾಡಿದರೆ ಆ ಫೋಲ್ಡರುಗಳ ಮೇಲೆ ಆವರಣ ಮುರಿಯುವ ಪರೀಕ್ಷೆ ಮತ್ತೆ ಮಾಡಿ.

ಎಲ್ಲಿ ನಿಲ್ಲಬೇಕು, ಯಾರನ್ನು ಕೇಳಬೇಕು

ಎರಡು ಗಂಟೆ ಹುಡುಕಿಯೂ ಸಿಗದಿದ್ದರೆ ಕಾನ್ಫಿಗ್ ತಿದ್ದುವುದು ನಿಲ್ಲಿಸಿ, ಕಮಿಟ್‌ಗೆ ವಾಪಸ್ ಹೋಗಿ. ಖಾಲಿ ಫೋಲ್ಡರಿನಲ್ಲಿ ಒಂದೇ ರೂಲ್, ಹತ್ತು ಸಾಲಿನ ಒಂದೇ ಫೈಲು ಇಟ್ಟು ಅದೇ ದೋಷ ಬರುತ್ತದಾ ನೋಡಿ. ಬಂದರೆ ಪ್ಲಗಿನ್ ಬರೆದವರನ್ನು ಕೇಳುವ ಸಮಯ ಬಂದಿದೆ. ಇಎಸ್‌ಲಿಂಟ್ ಆವೃತ್ತಿ, ನೋಡ್ ಆವೃತ್ತಿ, ಪ್ರಿಂಟ್-ಕಾನ್ಫಿಗ್‌ನಲ್ಲಿ ಆ ರೂಲಿನ ಸಾಲು, ಆ ಹತ್ತು ಸಾಲಿನ ಕೋಡ್, ಇಷ್ಟು ಕಳಿಸಿ. ಗಿರಾಕಿಗಳ ಹೆಸರು, ಪಾಸ್‌ವರ್ಡ್, ಟೋಕನ್ (ಪಾಸ್‌ವರ್ಡಿನ ಹಾಗೆ ಕೆಲಸ ಮಾಡುವ ಗುಟ್ಟಿನ ಕೀಲಿ) ಇರುವ ಫೈಲು ಯಾವ ಕಾರಣಕ್ಕೂ ಕಳಿಸಬೇಡಿ.

ತಂಡದ ಕಾನ್ಫಿಗನ್ನು ಬೇರೆಯವರು ನೋಡಿಕೊಳ್ಳುತ್ತಿದ್ದರೆ ಅವರಿಗೆ ಹೇಳದೆ ರೂಲ್ ಆಫ್ ಮಾಡಿ ಕಳಿಸಬೇಡಿ. ಅವಸರವೇ ಇದ್ದರೆ ಒಂದು ಸಾಲಿಗೆ ಮಾತ್ರ ಡಿಸೇಬಲ್ ಕಾಮೆಂಟ್ ಹಾಕಿ. ರೂಲಿನ ಹೆಸರು ಬರೆಯಿರಿ, ಪಕ್ಕದಲ್ಲಿ ಎರಡು ಅಡ್ಡಗೆರೆ ಎಳೆದು ಕಾರಣವನ್ನೂ ಬರೆಯಿರಿ. ಇಎಸ್‌ಲಿಂಟ್ ಆ ಕಾರಣವನ್ನು ಒಪ್ಪಿಕೊಳ್ಳುತ್ತದೆ, ಮುಂದೆ ಓದುವವರಿಗೂ ಗೊತ್ತಾಗುತ್ತದೆ.

ಕೂಡಲೇ ನಿಲ್ಲಬೇಕಾದ ಸಂದರ್ಭ ಒಂದಿದೆ. 2018ರ ಜುಲೈನಲ್ಲಿ ‘ಇಎಸ್‌ಲಿಂಟ್-ಸ್ಕೋಪ್’ ಪ್ಯಾಕೇಜಿನ 3.7.2 ಆವೃತ್ತಿಯಲ್ಲಿ ಎನ್‌ಪಿಎಂ ಟೋಕನ್ ಕದಿಯುವ ಕೋಡ್ ಸೇರಿಸಿ ಹರಿಬಿಟ್ಟಿದ್ದರು. 2025ರ ಜುಲೈನಲ್ಲಿ ‘ಇಎಸ್‌ಲಿಂಟ್-ಕಾನ್ಫಿಗ್-ಪ್ರೆಟಿಯರ್’ ನೋಡಿಕೊಳ್ಳುವವರಿಗೆ ನಕಲಿ ಮೇಲ್ ಕಳಿಸಿ ಟೋಕನ್ ಕದ್ದು, 8.10.1, 9.1.1, 10.1.6, 10.1.7 ಎಂಬ ಕೆಟ್ಟ ಆವೃತ್ತಿಗಳನ್ನು ಬಿಟ್ಟರು. ಅವು ವಿಂಡೋಸ್ ಕಂಪ್ಯೂಟರುಗಳನ್ನು ಗುರಿ ಮಾಡಿದ್ದವು. ನಿಮ್ಮ ಲಾಕ್ ಫೈಲಿನಲ್ಲಿ ಈ ನಂಬರುಗಳು ಇವೆಯಾ ಎಂದು ಹುಡುಕಿ. ಇದ್ದರೆ ರೂಲ್ ಸರಿಮಾಡುತ್ತಾ ಕೂರಬೇಡಿ. ಆ ಕಂಪ್ಯೂಟರನ್ನು ನೆಟ್‌ನಿಂದ ತೆಗೆಯಿರಿ. ಬೇರೆ ಕಂಪ್ಯೂಟರಿನಿಂದ ಎನ್‌ಪಿಎಂ, ಗಿಟ್, ಸರ್ವರ್ ಟೋಕನ್‌ಗಳನ್ನೆಲ್ಲ ರದ್ದು ಮಾಡಿ ಹೊಸದು ಪಡೆಯಿರಿ, ಪಾಸ್‌ವರ್ಡ್ ಬದಲಿಸಿ. ಸೆಕ್ಯೂರಿಟಿ ಗೊತ್ತಿರುವವರಿಗೆ ಆ ಕಂಪ್ಯೂಟರನ್ನು ತೋರಿಸಿದ ಮೇಲೆಯೇ ಮತ್ತೆ ಕೆಲಸಕ್ಕೆ ಇಳಿಸಿ.